ರಾಕೆಟ್ ಹಾರಿಸಿದವರು ಯಾವ ಶಾಲೆಯಲ್ಲಿ ಕಲಿತರು?

ರಾಕೆಟ್ಟನ್ನು ಹೊರದೇಶದಿಂದ ತರಿಸಿಕೊಳ್ಳಬಹುದು. ಆದರೆ ಅದನ್ನು ಜೋಡಿಸಿ, ಹಾರಿಸಿ, ಅದು ಕಳುಹಿಸುವ ಸಂಕೇತಗಳನ್ನು ಓದಬಲ್ಲವರನ್ನು ಎಲ್ಲಿಂದ ತರುವುದು? 1962ರಲ್ಲಿ ಭಾರತದ ಮುಂದಿದ್ದ ಪ್ರಶ್ನೆ ಇದು. ಬಾಹ್ಯಾಕಾಶ ವಿದ್ಯೆಗೆಂದೇ ಮೀಸಲಾದ ಕಾಲೇಜು ಆಗ ದೇಶದಲ್ಲಿ ಇರಲಿಲ್ಲ.

ಉತ್ತರ ಸಿಕ್ಕಿದ್ದು ಇಂದು ನಾವಿರುವ ರಾಜ್ಯದ ತೆಂಕಣ ತುದಿಯಲ್ಲಿ, ತಿರುವನಂತಪುರದ ಬಳಿ ತುಂಬಾ ಎಂಬ ಮೀನುಗಾರರ ಹಳ್ಳಿಯಲ್ಲಿ. (ಮಲಯಾಳದ ತುಂಬಪ್ಪೂವೇ ನಮ್ಮ ತುಂಬೆ ಹೂವು.) ಭೂಮಿಯ ಕಾಂತೀಯ ಸಮಭಾಜಕ ರೇಖೆ ಸಮೀಪದಲ್ಲೇ ಹಾದುಹೋಗುವುದರಿಂದ ಡಾ. ವಿಕ್ರಮ್ ಸಾರಾಭಾಯಿ ಈ ಸ್ಥಳವನ್ನು ಆರಿಸಿದರು. ಊರವರು ಜಾಗ ಬಿಟ್ಟುಕೊಟ್ಟರು. ಇಗರ್ಜಿ ಕಾರ್ಯಾಗಾರವಾಯಿತು, ಬಿಷಪರ ಮನೆ ಕಚೇರಿಯಾಯಿತು.

ಅಲ್ಲಿಗೆ ಬಂದ ತರುಣರು ಎಂಥವರು? ಆರ್. ಅರವಮುದನ್ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಓದಿ ಟ್ರಾಂಬೆಯ ಅಣುಶಕ್ತಿ ಕೇಂದ್ರದಲ್ಲಿದ್ದವರು. ಅದೇ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ಓದಿದ ಎ.ಪಿ.ಜೆ. ಅಬ್ದುಲ್ ಕಲಾಂ ರಕ್ಷಣಾ ಸಂಶೋಧನೆಯಲ್ಲಿದ್ದರು. ಇಂಥ ಕೆಲವರನ್ನು ಅಮೆರಿಕದ ನಾಸಾ ಸಂಸ್ಥೆಯ ಗೊಡ್ಡಾರ್ಡ್ ಮತ್ತು ವಾಲಪ್ಸ್ ಕೇಂದ್ರಗಳಿಗೆ ಕೆಲವು ತಿಂಗಳ ಮಟ್ಟಿಗೆ ಕಳುಹಿಸಲಾಯಿತು. ಅವರು ಪದವಿ ತರಲು ಹೋದವರಲ್ಲ. ತುಂಬಾದಲ್ಲಿ ಅರವಮುದನ್‌ರಿಗೆ ರಾಡಾರ್ ಮತ್ತು ಟೆಲಿಮೆಟ್ರಿ, ಕಲಾಂರಿಗೆ ರಾಕೆಟ್ ಜೋಡಣೆ ಮತ್ತು ಸುರಕ್ಷತೆ, ಹೀಗೆ ಕೆಲಸ ಹಂಚಿಕೆಯಾಗಿತ್ತು. ಕಲಿತದ್ದನ್ನು ಕೂಡಲೇ ಮಾಡಿ ತೋರಿಸಬೇಕು. 1963ರ ನವೆಂಬರ್ 21ರ ಸಂಜೆ ಅಮೆರಿಕದ ನೈಕಿ-ಅಪಾಚೆ ರಾಕೆಟ್ ಹಾರಿದಾಗ ಅದರಲ್ಲಿದ್ದ ಸೋಡಿಯಂ ಆವಿಯ ಉಪಕರಣ ಫ್ರಾನ್ಸಿನದು. ಹಾರಿಸಿದ ಕೈಗಳು ನಮ್ಮವು. ನಾಲ್ಕೇ ವರ್ಷಕ್ಕೆ, 1967ರ ನವೆಂಬರಿನಲ್ಲಿ, 75 ಮಿಲಿಮೀಟರ್ ವ್ಯಾಸದ ರೋಹಿಣಿ ಎಂಬ ಸ್ವಂತ ರಾಕೆಟ್ ಅಲ್ಲಿಂದಲೇ ಹಾರಿತು.

ಸೈಕಲ್ಲಿನ ಕ್ಯಾರಿಯರಿನಲ್ಲಿ ರಾಕೆಟ್ಟಿನ ಮೂತಿಯನ್ನಿಟ್ಟುಕೊಂಡು ತಳ್ಳುತ್ತಿರುವ ಚಿತ್ರವನ್ನು ನೋಡದವರಿಲ್ಲ. ನನ್ನ ಮಟ್ಟಿಗೆ ಆ ಚಿತ್ರ ನಮ್ಮ ಬಡತನದ ಕತೆಯನ್ನು ಹೇಳುವಷ್ಟು ಕಲಿಕೆಯ ಕತೆಯನ್ನು ಹೇಳುವುದಿಲ್ಲ. ವಿದೇಶಕ್ಕೆ ಹೋದವರು ಮರಳಿ ಬರಲು ಇಲ್ಲೊಂದು ಕೆಲಸ ಕಾದಿತ್ತು ಎಂಬುದೇ ಮುಖ್ಯ ಸಂಗತಿ. ಕೆಲಸವಿಲ್ಲದ ಕಡೆ ಎಷ್ಟು ವಿದ್ಯಾರ್ಥಿವೇತನ ಕೊಟ್ಟರೇನು?

ದುಡಿಮೆಯನ್ನೇ ಗುರುದಕ್ಷಿಣೆಯಾಗಿ ಕೊಟ್ಟು ಕಲಿತದ್ದೂ ಉಂಟು. 1974ರಲ್ಲಿ ಫ್ರಾನ್ಸಿನ ಎಸ್‌.ಇ.ಪಿ. ಕಂಪೆನಿಯೊಡನೆ ಒಂದು ಒಪ್ಪಂದವಾಯಿತು. ನಮ್ಮ ಎಂಜಿನಿಯರುಗಳು ಅವರ ವೈಕಿಂಗ್ ಎಂಜಿನ್ನಿನ ಕೆಲಸದಲ್ಲಿ ಒಟ್ಟು ನೂರು ಮಾನವ-ವರ್ಷ ದುಡಿಯುವುದು, ಬದಲಿಗೆ ಅದರ ತಂತ್ರಜ್ಞಾನವನ್ನು ಪಡೆಯುವುದು. ನಂಬಿ ನಾರಾಯಣನ್ ಮುಂದಾಳಾಗಿದ್ದ ಆ ತಂಡ ಕಲಿತು ತಂದದ್ದೇ ಇಂದು ಪಿ.ಎಸ್‌.ಎಲ್‌.ವಿ.ಯನ್ನು ಎತ್ತುವ ವಿಕಾಸ್ ಎಂಜಿನ್.

ಇನ್ನು ಉಡುಪಿ ರಾಮಚಂದ್ರ ರಾಯರು. 1932ರಲ್ಲಿ ಅದಮಾರಿನಲ್ಲಿ ಅವರು ಹುಟ್ಟಿದಾಗ ಉಡುಪಿಯೂ ಕಾಸರಗೋಡೂ ಮದ್ರಾಸ್ ಪ್ರಾಂತಕ್ಕೆ ಸೇರಿದ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲು, ಬಳ್ಳಾರಿಯಲ್ಲಿ ಇಂಟರ್‌ಮೀಡಿಯೆಟ್, ಅನಂತಪುರದಲ್ಲಿ ಬಿ.ಎಸ್‌ಸಿ., ಕಾಶಿಯಲ್ಲಿ ಎಂ.ಎಸ್‌ಸಿ., ಅಹಮದಾಬಾದಿನಲ್ಲಿ ಸಾರಾಭಾಯಿಯವರ ಬಳಿ ವಿಶ್ವಕಿರಣಗಳ ಸಂಶೋಧನೆ, ಬಳಿಕ ಅಮೆರಿಕ, 1966ರಲ್ಲಿ ಮತ್ತೆ ಅಹಮದಾಬಾದು. ಬ್ಯಾಂಕಿನಲ್ಲಿ ವಿದ್ಯಾಭ್ಯಾಸ ಸಾಲದ ಅರ್ಜಿಗಳನ್ನು ದಿನವೂ ಕಾಣುವ ನನಗೆ ಈ ಪಟ್ಟಿ ಸೋಜಿಗವೆನಿಸುತ್ತದೆ. ಇದರಲ್ಲಿ ‘ಬಾಹ್ಯಾಕಾಶ’ ಎಂಬ ಹೆಸರು ಹೊತ್ತ ಕೋರ್ಸು ಒಂದೂ ಇಲ್ಲ, ಇರುವುದೆಲ್ಲ ಭೌತಶಾಸ್ತ್ರ.

ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ರಾಯರು ಹುಡುಗರನ್ನು ಕಟ್ಟಿಕೊಂಡು 360 ಕಿಲೋ ತೂಕದ ಆರ್ಯಭಟವನ್ನು ನಿರ್ಮಿಸಿದರು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಕಕ್ಷೆಗೆ ಸೇರಿಸಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೆಟ್ಟು ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು. ಆದರೆ ಉಪಗ್ರಹ ಕಟ್ಟಲು ಬಲ್ಲ ಒಂದು ತಲೆಮಾರು ಆ ಶೆಡ್ಡುಗಳಿಂದ ಹೊರಬಂತು.

ಕಲಿತವರು ಕಲಿಸುವವರೂ ಆದರು. 1995ರಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳಿಗಾಗಿ ಡೆಹರಾಡೂನಿನಲ್ಲಿ ವಿಶ್ವಸಂಸ್ಥೆಗೆ ಸೇರಿದಂತೆ ಶಿಕ್ಷಣ ಕೇಂದ್ರ ಆರಂಭವಾಯಿತು. ರಾಯರ ಹೆಸರನ್ನೇ ಇಟ್ಟಿರುವ ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ 2019ರಲ್ಲಿ ‘ಉನ್ನತಿ’ ಎಂಬ ಯೋಜನೆಯಡಿ ಹೊರದೇಶದವರಿಗೆ ಪುಟ್ಟ ಉಪಗ್ರಹ ಕಟ್ಟುವ ಎಂಟು ವಾರಗಳ ತರಬೇತಿ ತೊಡಗಿತು. ಅಲ್ಲಿಯೂ ಕೈಯಾರೆ ಜೋಡಿಸುವುದೇ ಪಾಠ.

ನಮ್ಮ ಮಕ್ಕಳಿಗೆ ಈಗ ತಿರುವನಂತಪುರದ ಹತ್ತಿರ ವಲಿಯಮಲೆಯಲ್ಲಿ ಬಾಹ್ಯಾಕಾಶ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ, 2007ರಲ್ಲಿ ಆರಂಭವಾದದ್ದು. ಐ.ಟಿ.ಐ., ಡಿಪ್ಲೊಮಾ ಓದಿದವರನ್ನೂ ಇಸ್ರೋ ತಂತ್ರಜ್ಞರ ಹುದ್ದೆಗಳಿಗೆ ತೆಗೆದುಕೊಳ್ಳುತ್ತದೆ ಎಂಬುದನ್ನು ಮನೆಯವರು ಮರೆಯಬಾರದು. ವಲಿಯಮಲೆಯ ಪದವಿ ತರಗತಿಗೆ ಮಾತ್ರ ಜೆ.ಇ.ಇ. ಅಡ್ವಾನ್ಸ್ಡ್ ದಾಟಬೇಕು. ಅದರ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ. ಅದಕ್ಕೂ ಮೊದಲಿನ ಜೆ.ಇ.ಇ. ಮೈನ್ 2021ರಿಂದ 13 ಭಾಷೆಗಳಲ್ಲಿ ನಡೆಯುತ್ತಿದೆ, ಕನ್ನಡವೂ ಅದರಲ್ಲಿ ಸೇರಿದೆ. ಆದರೆ ಕನ್ನಡದ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ, ಮಲಯಾಳದ್ದು ಕೇರಳದವುಗಳಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ ಗಡಿನಾಡಿನ ಹುಡುಗಿ ತನ್ನ ಭಾಷೆಯಲ್ಲಿ ಆ ಪರೀಕ್ಷೆ ಬರೆಯಬೇಕಾದರೆ ಅರ್ಜಿ ತುಂಬುವಾಗಲೇ ಮಂಗಳೂರನ್ನು ಕೇಂದ್ರವಾಗಿ ಕೇಳಿ, ಆ ದಿನ ಬೆಳಗಿನ ರೈಲು ಹಿಡಿಯಬೇಕು.