ಹೇರಿನ ಲೆಕ್ಕ: ಸರಕಿನ ವರ್ಗ ಮತ್ತು ಸಾಗಣೆಯ ದರ



ಸಣ್ಣ ವ್ಯಾಪಾರ, ಗೃಹೋದ್ಯಮಗಳಲ್ಲಿ ತೊಡಗಿರುವವರು ನಿಮ್ಮಲ್ಲಿ ಅನೇಕರಿದ್ದೀರಿ. ಸರಕನ್ನು ತಯಾರಿಸುವ ಖರ್ಚನ್ನು ಪೈಸೆಪೈಸೆಯಾಗಿ ಎಣಿಸುವವರೂ ಅದನ್ನು ಗಿರಾಕಿಗೆ ತಲುಪಿಸುವ ಖರ್ಚನ್ನು ಅಂದಾಜಿಗೆ ಬಿಟ್ಟುಬಿಡುವುದುಂಟು. ಲಾಭವು ಸೋರಿಹೋಗುವುದು ಬಹುಮಟ್ಟಿಗೆ ಅಲ್ಲಿಯೇ. ಸಾಗಣೆಯ ದರಕ್ಕೂ ಒಂದು ಚರಿತ್ರೆಯಿದೆ. ಅದನ್ನು ಅರಿತರೆ ಇಂದಿನ ಲೆಕ್ಕವೂ ತಿಳಿಯಾಗುತ್ತದೆ.

ಸರಕನ್ನು ವರ್ಗೀಕರಿಸುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಮತ್ತು ಹೊಯ್ಸಳರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಮೊದಲಾದ ಸುಂಕಗಳ ಹೆಸರುಗಳು ದೊರೆಯುತ್ತವೆ. ಅಡಕೆ, ಎಲೆ, ಮೆಣಸುಗಳನ್ನು ಹೇರುಗಳ ಲೆಕ್ಕದಲ್ಲಿ ಎಣಿಸುತ್ತಿದ್ದರು. ಹೇರೆಂದರೆ ಎತ್ತಿನ ಬೆನ್ನಿನ ಹೊರೆ. ಅಯ್ಯಾವೊಳೆ ಐನೂರ್ವರಂತಹ ವರ್ತಕ ಸಂಘಗಳು ಈ ಲೆಕ್ಕದಲ್ಲಿ ನುರಿತಿದ್ದವು.

ರೈಲು ಬಂದ ಮೇಲೆ ಲೆಕ್ಕವು ಜಟಿಲವಾಯಿತು. ೧೮೮೭ರಲ್ಲಿ ಭಾರತ ಸರ್ಕಾರವು ಗರಿಷ್ಠ ಹಾಗೂ ಕನಿಷ್ಠ ದರಗಳನ್ನು ತಾನು ಗೊತ್ತುಮಾಡಿ, ಅವೆರಡರ ನಡುವೆ ದರವಿಡುವ ಸ್ವಾತಂತ್ರ್ಯವನ್ನು ರೈಲ್ವೆಗಳಿಗೆ ಬಿಡುವ ನೀತಿಯನ್ನು ಪ್ರಕಟಿಸಿತು. ಸರಕುಗಳನ್ನು ವರ್ಗಗಳಾಗಿ ವಿಂಗಡಿಸಲಾಯಿತು. ತೂಕವೊಂದೇ ಅಳತೆಯಾಗಿರಲಿಲ್ಲ, ಬೆಲೆ, ಒಡೆಯುವ ಸಂಭವ, ಆಕ್ರಮಿಸುವ ಜಾಗ, ಕಟ್ಟಿದ ರೀತಿ ಇವೆಲ್ಲವೂ ಗಣನೆಗೆ ಬಂದವು. ಧಾನ್ಯಕ್ಕೆ ಕಡಿಮೆ ದರ, ರೇಷ್ಮೆಗೆ ಹೆಚ್ಚು. ಮಾಲೀಕನ ಹೊಣೆಯಲ್ಲಿ ಕಳುಹಿಸಿದರೆ ಒಂದು ದರ, ರೈಲ್ವೆಯ ಹೊಣೆಯಲ್ಲಾದರೆ ಅದಕ್ಕಿಂತ ಹೆಚ್ಚಿನ ದರ.

ಒಂದು ಉದಾಹರಣೆಯನ್ನು ಲೆಕ್ಕಮಾಡೋಣ. ದರವನ್ನು ಒಂದು ಮಣಕ್ಕೆ ಒಂದು ಮೈಲಿಗೆ ಇಷ್ಟು ಪೈ ಎಂದು ಹೇಳುತ್ತಿದ್ದರು. ರೂಪಾಯಿಗೆ ೧೬ ಆಣೆ, ಆಣೆಗೆ ೧೨ ಪೈ. ಅಂದರೆ ರೂಪಾಯಿಗೆ ೧೯೨ ಪೈ. ಅರ್ಧ ಪೈ ದರದ ವರ್ಗದ ೧೦ ಮಣ ಸರಕು ೮೦ ಮೈಲಿ ಹೋಗಬೇಕೆನ್ನಿ. ೧೦ನ್ನು ೮೦ರಿಂದ, ಬಳಿಕ ಅರ್ಧದಿಂದ ಗುಣಿಸಿದರೆ ೪೦೦ ಪೈ. ಅದು ೨ ರೂಪಾಯಿ ೧ ಆಣೆ ೪ ಪೈ. ಗುಮಾಸ್ತನು ಅದೇ ಸರಕನ್ನು ಒಂದು ಪೈ ದರದ ವರ್ಗಕ್ಕೆ ಸೇರಿಸಿದರೆ ಬಾಡಿಗೆ ಇಮ್ಮಡಿ. ಇಲ್ಲಿ ಇನ್ನೊಂದು ತೊಡಕೂ ಇತ್ತು. ರೈಲ್ವೆಯ ಮಣ ಸುಮಾರು ೮೨ ಪೌಂಡು. ಮದರಾಸಿನ ಮಣ ೨೫ ಪೌಂಡು. ಊರಿನ ಮಣವನ್ನೇ ನಂಬಿದವನ ಅಂದಾಜು ತಲೆಕೆಳಗಾಗುತ್ತಿತ್ತು. ಸರಕಿನ ವಿವರವನ್ನು ಸುಳ್ಳಾಗಿ ಬರೆಸಿದವನಿಗೆ ೧೮೯೦ರ ರೈಲ್ವೆ ಕಾಯಿದೆಯಂತೆ ದಂಡವೂ ಇತ್ತು.

ಈ ವ್ಯವಸ್ಥೆಯಲ್ಲಿ ಬಡವಾದವನು ಚಿಕ್ಕ ವರ್ತಕ. ಪೂರ್ತಿ ವ್ಯಾಗನ್ ತುಂಬಬಲ್ಲ ಸಾಹುಕಾರನಿಗೆ ರಿಯಾಯಿತಿ. ನಾಲ್ಕು ಮೂಟೆಯವನಿಗೆ ಪೂರ್ತಿ ದರ. ಅಲ್ಲದೆ, ಬಂದರುಗಳಿಗೆ ಹೋಗುವ ಕಚ್ಚಾ ಸಾಮಗ್ರಿಗೂ ಅಲ್ಲಿಂದ ಬರುವ ವಿದೇಶಿ ಸರಕಿಗೂ ಅನುಕೂಲದ ದರವಿಟ್ಟು, ಒಳನಾಡಿನ ಊರುಗಳ ನಡುವಿನ ಸಾಗಣೆಗೆ ಹೆಚ್ಚು ವಸೂಲು ಮಾಡುತ್ತಾರೆಂಬ ದೂರು ದೇಶದಲ್ಲೆಲ್ಲ ಕೇಳಿಬಂತು. ೧೯೨೧–೨೨ರ ಹಣಕಾಸು ಸುಂಕದ ಆಯೋಗವೂ ಈ ದೂರನ್ನು ಪರಿಶೀಲಿಸಿತು. ದರದ ಪಟ್ಟಿಯ ಒಂದು ಸಾಲು ಊರಿನ ಕೈಗಾರಿಕೆಯನ್ನು ಉಳಿಸಲೂಬಹುದು, ಅಳಿಸಲೂಬಹುದು ಎಂಬುದನ್ನು ಜನರು ಅರಿತದ್ದು ಹೀಗೆ.

ಇಂದು ಚಿಕ್ಕ ಸರಕು ಲಾರಿ, ಕೊರಿಯರ್‌ಗಳ ಪಾಲಾಗಿದೆ. ಆದರೂ ಹಳೆಯ ತತ್ತ್ವ ಅಳಿದಿಲ್ಲ. ಚನ್ನಪಟ್ಟಣದ ಬೊಂಬೆಗಳ ಒಂದು ಪೆಟ್ಟಿಗೆ ೫೦ ಸೆಂಟಿಮೀಟರ್ ಉದ್ದ, ೪೦ ಅಗಲ, ೪೦ ಎತ್ತರವಿದ್ದು ೬ ಕಿಲೋ ತೂಗುತ್ತದೆನ್ನಿ. ಅನೇಕ ಕೊರಿಯರ್ ಸಂಸ್ಥೆಗಳು ಈ ಮೂರನ್ನೂ ಗುಣಿಸಿ ೫೦೦೦ದಿಂದ ಭಾಗಿಸುತ್ತವೆ. ಬರುವುದು ೧೬ ಕಿಲೋ. ತಕ್ಕಡಿಯ ತೂಕ, ಲೆಕ್ಕದ ತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ಹಣ ತೆರಬೇಕು. ಪೆಟ್ಟಿಗೆಯ ಎತ್ತರವನ್ನು ೩೦ಕ್ಕೆ ಇಳಿಸಿದರೆ ೧೨ ಕಿಲೋ ಆಗುತ್ತದೆ.

ಆದ್ದರಿಂದ ಬೆಲೆ ನಿಗದಿಮಾಡುವ ಮೊದಲು ತಕ್ಕಡಿಯ ಜೊತೆಗೆ ಅಳತೆಯ ಟೇಪನ್ನೂ ಕೈಗೆತ್ತಿಕೊಳ್ಳಿ. ಸರಕಿನ ವಿವರವನ್ನು ಸತ್ಯವಾಗಿ, ಸ್ಪಷ್ಟವಾಗಿ ಬರೆಯಿರಿ. ಒಡೆದರೆ ಹೊಣೆ ಯಾರದೆಂದು ರಸೀದಿ ಪಡೆಯುವಾಗಲೇ ಕೇಳಿ ತಿಳಿಯಿರಿ. ಶಾಲೆಯಲ್ಲಿ ಕಲಿತ ಘನಫಲದ ಸೂತ್ರವು ಬದುಕಿನಲ್ಲಿ ಉಪಯೋಗಕ್ಕೆ ಬರುವುದು ಇಂತಹ ಕಡೆಗಳಲ್ಲಿಯೇ.