ಅಧ್ಯಕ್ಷರಿಗೆ ಊಟ ಹಾಕಿದ ಬಗೆ

ಜ್ವರ ಬಂದವರಿಗೆ ಊಟ ಹಾಕಬೇಕೋ, ಉಪವಾಸ ಕೆಡವಬೇಕೋ ಅನ್ನೋ ಜಗಳ ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಒಬ್ಬರು ಲಂಘನ ಅಂತಾರೆ, ಇನ್ನೊಬ್ಬರು ತಿಳಿಗಂಜಿಗೆ ಉಪ್ಪು ಹಾಕಿಕೊಂಡು ಬಂದು ಎದುರಿಗೆ ಕೂತುಬಿಡ್ತಾರೆ. ಇದೇ ಜಗಳ ದೊಡ್ಡ ದೊಡ್ಡ ಡಾಕ್ಟರುಗಳ ನಡುವೆ ಸುಮಾರು ಇನ್ನೂರು ವರ್ಷದಿಂದ ನಡೀತಾ ಇದೆ ಅಂದ್ರೆ ನಂಬ್ತೀರಾ? ಅದರಲ್ಲಿ ಒಬ್ಬ ಅಮೆರಿಕದ ಅಧ್ಯಕ್ಷರ ಕಥೆಯೂ ಸೇರಿಕೊಂಡಿದೆ. ಇವತ್ತು ಅದನ್ನೇ ಬರೀತೀನಿ. (ಊಟ ಮಾಡ್ತಾ ಓದಬೇಡಿ, ಮೊದಲೇ ಹೇಳಿದ್ದೀನಿ!)

ಮೊದಲು ಡಬ್ಲಿನ್. ಹತ್ತೊಂಬತ್ತನೇ ಶತಮಾನದ ಮೊದಲ ಅರ್ಧದಲ್ಲಿ ಅಲ್ಲಿ ರಾಬರ್ಟ್ ಗ್ರೇವ್ಸ್ ಅಂತ ಒಬ್ಬ ವೈದ್ಯ ಇದ್ದ. ಥೈರಾಯ್ಡಿನ ಒಂದು ಕಾಯಿಲೆಗೆ ಅವನ ಹೆಸರೇ ಇದೆ. ಆಗೆಲ್ಲ ಟೈಫಸ್ ಜ್ವರ ಅಂದ್ರೆ ರಕ್ತ ತೆಗೆಯೋದು, ಬರೀ ನೀರು ಕುಡಿಸೋದು, ಅಷ್ಟೇ ಚಿಕಿತ್ಸೆ. ಗ್ರೇವ್ಸ್ ಕೇಳಿದ: ವಾರಗಟ್ಟಲೆ ಅನ್ನ ಕೊಡದಿದ್ದರೆ ಆರೋಗ್ಯವಂತನೇ ಸಾಯ್ತಾನೆ, ರೋಗಿ ಹೇಗೆ ಬದುಕ್ತಾನೆ? ಜ್ವರದಲ್ಲಿರೋನು ಊಟ ಕೇಳೋದಿಲ್ಲ ನಿಜ, ಆದರೆ ಕೇಳೋಕೆ ಅವನಿಗೆ ಪ್ರಜ್ಞೆ ಎಲ್ಲಿದೆ? ಹಾಗಂತ ಅವನು ರೋಗಿಗಳಿಗೆ ಊಟ ಕೊಡಿಸಿದ. ತನ್ನ ಸಮಾಧಿಯ ಮೇಲೆ, ಇವನು ಜ್ವರ ಬಂದವರಿಗೆ ಊಟ ಹಾಕಿದ ಅಂತ ಬರೆಸಿದರೆ ಸಾಕು ಅಂದಿದ್ದನಂತೆ.

ಈಗ ವಾಷಿಂಗ್ಟನ್ನಿಗೆ ಬನ್ನಿ. 1881ರ ಜುಲೈ 2. ಅಧಿಕಾರಕ್ಕೆ ಬಂದು ನಾಲ್ಕೇ ತಿಂಗಳಾಗಿದ್ದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಮೇಲೆ ರೈಲು ನಿಲ್ದಾಣದಲ್ಲಿ ಚಾರ್ಲ್ಸ್ ಗಿಟೋ ಅನ್ನೋನು ಗುಂಡು ಹಾರಿಸಿದ. ಒಂದು ಗುಂಡು ತೋಳನ್ನ ಸವರಿ ಹೋಯ್ತು, ಇನ್ನೊಂದು ಬೆನ್ನಿಗೆ ಹೊಕ್ಕಿತು. ಬೆನ್ನುಹುರಿಗೆ ಪೆಟ್ಟಾಗಿರಲಿಲ್ಲ. ಗುಂಡು ಹೋಗಿ ಮೇದೋಜೀರಕದ ಹಿಂದೆ ತಣ್ಣಗೆ ಕೂತಿತ್ತು. ಸುಮ್ಮನೆ ಬಿಟ್ಟಿದ್ದರೆ ಬದುಕುತ್ತಿದ್ದನೇನೋ ಅಂತ ಇವತ್ತಿನ ಎಷ್ಟೋ ವೈದ್ಯರು ಹೇಳ್ತಾರೆ. ಆದರೆ ಅಧ್ಯಕ್ಷರನ್ನ ಸುಮ್ಮನೆ ಬಿಡೋರು ಯಾರು? ಒಬ್ಬರಾದ ಮೇಲೊಬ್ಬರು ವೈದ್ಯರು ತೊಳೆಯದ ಬೆರಳನ್ನ, ತೊಳೆಯದ ಸಲಾಕೆಗಳನ್ನ ಗಾಯದೊಳಗೆ ಹಾಕಿ ಗುಂಡು ಹುಡುಕಿದರು. ಲಿಸ್ಟರ್ ತನ್ನ ನಂಜುನಿರೋಧಕ ವಿಧಾನವನ್ನ ಪ್ರಕಟಿಸಿ ಆಗಲೇ 14 ವರ್ಷ ಆಗಿತ್ತು! ಚಿಕಿತ್ಸೆಯ ಉಸ್ತುವಾರಿ ವಹಿಸಿದವರು ಡಾಕ್ಟರ್ ಬ್ಲಿಸ್. ತಮಾಷೆ ಅಂದ್ರೆ ಅವರ ಅಪ್ಪ ಅಮ್ಮ ಇಟ್ಟ ಹೆಸರೇ ‘ಡಾಕ್ಟರ್’. ಡಾಕ್ಟರ್ ವಿಲ್ಲರ್ಡ್ ಬ್ಲಿಸ್. ಗುಂಡು ಬಲಗಡೆಗಿದೆ ಅಂತ ಅವರು ಹಟ ಹಿಡಿದರು, ಅದು ಇದ್ದಿದ್ದು ಎಡಗಡೆ. ಟೆಲಿಫೋನಿನ ಗ್ರಹಾಂ ಬೆಲ್ ಲೋಹ ಪತ್ತೆ ಮಾಡೋ ಯಂತ್ರ ತಂದು ಹುಡುಕಿದ್ದೂ ಸಾರ್ಥಕ ಆಗಲಿಲ್ಲ.

ಗಾಯದಲ್ಲಿ ಕೀವಾಯ್ತು, ರಕ್ತಕ್ಕೆ ನಂಜು ಏರಿತು. ಜ್ವರ, ಚಳಿ, ವಾಂತಿ. ಆಗಸ್ಟ್ ಮಧ್ಯದ ಹೊತ್ತಿಗೆ ಹೊಟ್ಟೆ ಏನನ್ನೂ ಇಟ್ಟುಕೊಳ್ಳದ ಸ್ಥಿತಿ. ಆಗ ಬ್ಲಿಸ್ ಬಾಯಿಯ ದಾರಿ ಬಿಟ್ಟು ಇನ್ನೊಂದು ದಾರಿ ಹಿಡಿದರು. ದನದ ಮಾಂಸದ ಸಾರು, ಮೊಟ್ಟೆಯ ಹಳದಿ, ವಿಸ್ಕಿ, ಕೆಲವು ಹನಿ ಅಫೀಮು.. ಇದನ್ನ ಕೆಲವು ಗಂಟೆಗೊಮ್ಮೆ ಗುದದ್ವಾರದಿಂದ ಪಿಚಕಾರಿಯಲ್ಲಿ ಏರಿಸೋದು. ಇದೇನು ಅವರೊಬ್ಬರ ಹುಚ್ಚಲ್ಲ, ಆ ಕಾಲಕ್ಕೆ ಒಪ್ಪಿತವಾಗಿದ್ದ ಚಿಕಿತ್ಸೆ. ಮುಂದಿನ ವರ್ಷ, 1882ರಲ್ಲಿ, ಬ್ಲಿಸ್ ಈ ವಿಧಾನದ ಮೇಲೆ ಒಂದು ಪುಸ್ತಿಕೆಯನ್ನೂ ಬರೆದರು.

ತೊಂದರೆ ಏನಪ್ಪಾ ಅಂದ್ರೆ ದೊಡ್ಡ ಕರುಳು ನೀರು ಹೀರುತ್ತೆ, ಉಪ್ಪು ಹೀರುತ್ತೆ. ಪ್ರೋಟೀನು, ಕೊಬ್ಬು ಅಲ್ಲಿ ಹೆಚ್ಚುಕಮ್ಮಿ ಏನೂ ಒಳಗೆ ಹೋಗಲ್ಲ. ಅಂದ್ರೆ ದಿನಕ್ಕೆ ಎಷ್ಟೋ ಸಲ ‘ಊಟ’ ಆಗ್ತಾ ಇದ್ದರೂ ಆ ಮನುಷ್ಯ ನಿಜಕ್ಕೂ ಉಪವಾಸ ಇದ್ದ. 95 ಕಿಲೋ ಇದ್ದ ಅಜಾನುಬಾಹು 60 ಕಿಲೋಗೆ ಇಳಿದ. ಸೆಪ್ಟೆಂಬರ್ 19ರಂದು ನ್ಯೂಜೆರ್ಸಿಯ ಕಡಲತೀರದ ಮನೆಯೊಂದರಲ್ಲಿ ತೀರಿಕೊಂಡ. ಕೊಂದವರು ಡಾಕ್ಟರುಗಳು, ನಾನು ಗುಂಡು ಹೊಡೆದೆ ಅಷ್ಟೇ ಅಂತ ಗಿಟೋ ಕೋರ್ಟಿನಲ್ಲಿ ವಾದಿಸಿದ. ಅವನ ಮಾತು ನಡೀಲಿಲ್ಲ, ಗಲ್ಲಾಯ್ತು.

ಆದರೆ ಗಾರ್ಫೀಲ್ಡ್ ಸೊರಗಿದ್ದು ಬರೀ ಹಸಿವಿನಿಂದ ಅಲ್ಲ. ಇದು ಗೊತ್ತಾಗೋಕೆ ಇನ್ನೂ ಐವತ್ತು ವರ್ಷ ಬೇಕಾಯ್ತು. 1930ರ ದಶಕದಲ್ಲಿ ಗ್ಲಾಸ್ಗೋದ ಡೇವಿಡ್ ಕತ್ಬರ್ಟ್ಸನ್ ಕಾಲುಮೂಳೆ ಮುರಿದುಕೊಂಡವರ ಮೂತ್ರ ಹಿಡಿದು ಸಾರಜನಕ ಅಳೆದ. ಪೆಟ್ಟು ಬಿದ್ದಿದ್ದು ಒಂದು ಕಾಲಿಗೆ, ಕರಗ್ತಾ ಇದ್ದಿದ್ದು ಇಡೀ ಮೈಯಿನ ಮಾಂಸ! ಪೆಟ್ಟಾದಾಗ, ನಂಜೇರಿದಾಗ ದೇಹ ತನ್ನ ಸ್ನಾಯುಗಳನ್ನೇ ಮುರಿದು ಉರಿಸಿಕೊಳ್ಳುತ್ತೆ. ಮನೆಗೆ ಬೆಂಕಿ ಬಿದ್ದಾಗ ತೊಲೆ ಕಿತ್ತು ಒಲೆಗೆ ಹಾಕಿದ ಹಾಗೆ.

ಹಾಗಾದ್ರೆ ಚೆನ್ನಾಗಿ ಊಟ ಹಾಕಿದರೆ ಆಯ್ತಲ್ಲ? ಎಲ್ಲರೂ ಅಂದುಕೊಂಡಿದ್ದು ಅದನ್ನೇ. ಸ್ವೀಡನ್ನಿನ ಆರ್ವಿಡ್ ರೆಟ್ಲಿಂಡ್ 1960ರ ದಶಕದ ಆರಂಭದಲ್ಲಿ ಸೋಯಾ ಎಣ್ಣೆಯನ್ನ ರಕ್ತನಾಳಕ್ಕೆ ಕೊಡೋ ಹಾಗೆ ಮಾಡಿದ. ಎಣ್ಣೆ ನೀರಿನಲ್ಲಿ ಬೆರೆಯೋಕೆ ಅವನು ಬಳಸಿದ್ದು ಮೊಟ್ಟೆಯ ಹಳದಿಯಿಂದ ತೆಗೆದ ಅಂಶ. ಗಾರ್ಫೀಲ್ಡಿಗೆ ದಕ್ಕದ ಹಳದಿ ಕೊನೆಗೂ ಒಳಗೆ ಹೋಗೋ ದಾರಿ ಕಂಡುಕೊಂಡಿತು ನೋಡಿ. ಫಿಲಡೆಲ್ಫಿಯಾದಲ್ಲಿ ಸ್ಟ್ಯಾನ್ಲಿ ಡಡ್ರಿಕ್ ಬೀಗಲ್ ನಾಯಿಮರಿಗಳನ್ನ ಬರೀ ರಕ್ತನಾಳದ ಆಹಾರದಲ್ಲೇ ಬೆಳೆಸಿದ. ಆಮೇಲೆ ಕರುಳೇ ಸರಿಯಾಗಿ ಇಲ್ಲದೆ ಹುಟ್ಟಿದ ಒಂದು ಕೂಸನ್ನೂ ಹಾಗೇ ಬೆಳೆಸಿ, ಅವನೂ ಸಂಗಡಿಗ ವಿಲ್ಮೋರ್ ಕೂಡ 1968ರಲ್ಲಿ ಜಗತ್ತಿಗೆ ತಿಳಿಸಿದರು. ಜೀವ ಉಳಿಸಿದ ದೊಡ್ಡ ಕೆಲಸ, ಅನುಮಾನವೇ ಇಲ್ಲ.

ಆದರೆ ಆಮೇಲೆ ಅತಿಯಾಯ್ತು. ರೋಗಿ ಕರಗ್ತಿದ್ದಾನೆ, ಇನ್ನಷ್ಟು ಕ್ಯಾಲೊರಿ ಸುರಿ. ಸಕ್ಕರೆ ಏರಿತು, ಯಕೃತ್ತಿಗೆ ಕೊಬ್ಬು ಸೇರಿತು, ಆಹಾರ ಕೊಡೋ ಕೊಳವೆಯೇ ಸೋಂಕಿನ ಬಾಗಿಲಾಯ್ತು. 2011ರಲ್ಲಿ ಬೆಲ್ಜಿಯಂನ ಲೂವೆನ್ನಿನವರು ನಾಲ್ಕು ಸಾವಿರಕ್ಕೂ ಹೆಚ್ಚು ಐಸಿಯು ರೋಗಿಗಳ ಮೇಲೆ ಮಾಡಿದ ಅಧ್ಯಯನದಲ್ಲಿ, ರಕ್ತನಾಳದ ಪೂರಕ ಆಹಾರವನ್ನ ಎಂಟನೇ ದಿನದವರೆಗೆ ತಡೆದವರೇ ಬೇಗ ಚೇತರಿಸಿಕೊಂಡರು, ಅವರಿಗೇ ಸೋಂಕು ಕಮ್ಮಿ. ಲಂಘನದ ಪಕ್ಷದವರು ಈಗ ಮೀಸೆ ತಿರುವಬಹುದು!

ಪೂರ್ತಿ ತಿರುವಬೇಡಿ. ಕಳೆದ ವರ್ಷ ನಮ್ಮ ಸೋದರಮಾವ ನಂಜೇರಿ ಐಸಿಯು ಸೇರಿದಾಗ ಹೊರಗಿನ ಬೆಂಚಿನ ಮೇಲೆ ಅತ್ತೆಯದು ಒಂದೇ ಪ್ರಶ್ನೆ: “ಮೂರು ದಿನ ಆಯ್ತು ಕಣೋ, ಮೂಗಿನ ನಳಿಗೆಯಲ್ಲಿ ಅಷ್ಟೇ ಅಷ್ಟು ಬಿಡ್ತಾರಲ್ಲ, ಸಾಕಾಗುತ್ತೇನೋ?” ಆ ನಳಿಗೆಗೆ ನಮ್ಮ ಆಸ್ಪತ್ರೆಗಳಲ್ಲಿ ರೈಲ್ಸ್ ಟ್ಯೂಬ್ ಅಂತಾರೆ. ರೈಲಿಗೂ ಅದಕ್ಕೂ ಸಂಬಂಧ ಇಲ್ಲ, ಜಾನ್ ರೈಲ್ ಅನ್ನೋ ಇಂಗ್ಲಿಷ್ ವೈದ್ಯನ ಹೆಸರು. ಅತ್ತೆ ಕೇಳಿದ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋಗಿಯೇ ನನಗೆ ಇದೆಲ್ಲ ಸಿಕ್ಕಿದ್ದು. 2021ರ ಅಂತರರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿ, ಕರುಳಿನ ದಾರಿ ತೆರೆದಿದ್ದರೆ 72 ಗಂಟೆಯೊಳಗೆ ಆ ದಾರಿಯಲ್ಲೇ ಶುರು ಮಾಡಿ ಅನ್ನುತ್ತೆ, ಆದರೆ ಅದನ್ನ ದುರ್ಬಲ ಶಿಫಾರಸು ಅಂತಲೇ ಗುರುತಿಸಿದೆ. 2023ರಲ್ಲಿ ಫ್ರಾನ್ಸಿನಲ್ಲಿ ವೆಂಟಿಲೇಟರ್ ಮೇಲಿದ್ದ, ರಕ್ತದೊತ್ತಡ ಕುಸಿದಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರಲ್ಲಿ ಅರ್ಧಕ್ಕೆ ಅರ್ಧ ಜನಕ್ಕೆ ಮೊದಲ ವಾರ ಕಿಲೋ ತೂಕಕ್ಕೆ 6 ಕ್ಯಾಲೊರಿ, ಉಳಿದವರಿಗೆ 25 ಕೊಟ್ಟು ನೋಡಿದರು. ಸಾವಿನ ಸಂಖ್ಯೆಯಲ್ಲಿ ವ್ಯತ್ಯಾಸ ಇಲ್ಲ. ಕಮ್ಮಿ ಕೊಟ್ಟವರಲ್ಲಿ ವಾಂತಿ, ಭೇದಿ ಕಮ್ಮಿ, ಐಸಿಯುನಿಂದ ಹೊರಬರೋಕೆ ಸಿದ್ಧರಾಗಿದ್ದೂ ಸ್ವಲ್ಪ ಬೇಗ.

ಇದನ್ನ ಅತ್ತೆಗೆ ಹೇಳಿದೆ. “ಆಮೇಲಾದ್ರೂ ಸರಿಯಾಗಿ ಹಾಕ್ತಾರಂತಾ?” ಅಂದ್ರು. ಹಾಕ್ತಾರೆ, ಒಳಗಿನ ಬೆಂಕಿ ತಣ್ಣಗಾದ ಮೇಲೆ. ಆದರೆ ಅದು ತಣ್ಣಗಾದ ದಿನ ಯಾವುದು ಅಂತ ನಿಖರವಾಗಿ ಹೇಳೋ ರಕ್ತಪರೀಕ್ಷೆ ಇನ್ನೂ ಬಂದಿಲ್ಲ.