ಮುಯ್ಯಿ: ತೊಟ್ಟಿಲು ಶಾಸ್ತ್ರದ ಉಡುಗೊರೆ ಮತ್ತು ಅದರ ಋಣಸಂದಾಯ

ನಾಮಕರಣ, ತೊಟ್ಟಿಲು ಶಾಸ್ತ್ರ, ಮದುವೆ ಮೊದಲಾದ ಕಾರ್ಯಗಳಲ್ಲಿ ನೆಂಟರಿಷ್ಟರು ಕೊಡುವ ಹಣ, ಒಡವೆ, ಬಟ್ಟೆ. ಅದನ್ನು ಬರೆದಿಟ್ಟುಕೊಂಡು ಕೊಟ್ಟವರ ಮನೆಯ ಕಾರ್ಯಕ್ಕೆ ತಿರುಗಿ ಒಪ್ಪಿಸುವ ಪದ್ಧತಿ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ, ಹಂದನಕೆರೆ ಹೋಬಳಿಯ ಹಳ್ಳಿಗಳಲ್ಲೂ, ಇದು ರೂಢಿಯಲ್ಲಿದೆ.

ಚೊಚ್ಚಲ ಬಾಣಂತನ ತವರಿನದು. ತೊಟ್ಟಿಲು, ಕುಲಾವಿ, ಬೆಳ್ಳಿಯ ಉಡಿದಾರ, ಕಾಲ್ಗಡಗಗಳ ಹೊಣೆ ಹೆಚ್ಚಾಗಿ ಅಜ್ಜಿಮನೆ ಮತ್ತು ಸೋದರಮಾವನ ಮೇಲೆ. ಉಳಿದವರು ಮಗುವಿನ ಮುಷ್ಟಿಗೆ ನೋಟು ಹಿಡಿಸುತ್ತಾರೆ, ಇಲ್ಲವೇ ಒಂದು ರೂಪಾಯಿ ನಾಣ್ಯ ಅಂಟಿಸಿದ ಲಕೋಟೆ ಕೊಡುತ್ತಾರೆ. ಹೊರಟವರ ಕೈಗೆ ಎಲೆ, ಅಡಿಕೆ, ತೆಂಗಿನಕಾಯಿ. ಕಾಯಿ ಮನೆಯ ತೋಟದ್ದೇ ಆದ್ದರಿಂದ ತಾಂಬೂಲಕ್ಕೆ ಇಲ್ಲಿ ಕೈ ಬಿಗಿಹಿಡಿಯುವುದು ಕಡಿಮೆ. ಎಳೆಗೂಸಿಗೆ ಲಿಂಗಧಾರಣೆ ಮಾಡಿಸುವ ಲಿಂಗಾಯತ ಮನೆಗಳಲ್ಲಿ ಮೊದಲ ಕಾಣಿಕೆ ಅಯ್ಯನವರಿಗೆ ಸಲ್ಲುತ್ತದೆ.

ಕೃತಜ್ಞತೆಯನ್ನು ಪತ್ರದಲ್ಲಿ ಬರೆಯುವ ರೂಢಿ ಇಲ್ಲಿರಲಿಲ್ಲ; ಬರೆಯುತ್ತಿದ್ದುದು ಲೆಕ್ಕ. ಮೂಲೆಗೆ ಅರಿಸಿನ ಕುಂಕುಮ ಹಚ್ಚಿ, ನೆತ್ತಿಯಲ್ಲಿ ‘ಶ್ರೀ’ ಬರೆದ ಮುಯ್ಯಿ ಪುಸ್ತಕದಲ್ಲಿ ಹೆಸರು, ಊರು, ಮೊಬಲಗು. ಅಕ್ಷರ ದುಂಡಗಿದ್ದವನನ್ನು ಬರೆಯಲು ಕೂರಿಸುತ್ತಾರೆ. ಮುಂದೆ ಆ ಮನೆಯಿಂದ ಕರೆಯೋಲೆ ಬಂದಾಗ ಪುಸ್ತಕ ತೆಗೆದು ನೋಡಿ, ಬಂದದ್ದಕ್ಕೆ ಒಂದಿಷ್ಟು ಸೇರಿಸಿಯೇ ಕೊಡಬೇಕು. ಅಷ್ಟಕ್ಕಷ್ಟೇ ಕೊಟ್ಟರೆ ಲೆಕ್ಕ ಚುಕ್ತಾ ಮಾಡಿದರೆಂದು ಬೇಸರಪಡುವವರಿದ್ದಾರೆ. ಹೊಲದ ಕೆಲಸಕ್ಕೂ ಇದೇ ನ್ಯಾಯ: ಕೂಲಿಯಿಲ್ಲದೆ ಒಬ್ಬರಿಗೊಬ್ಬರು ದುಡಿಯುವವರು ಮುಯ್ಯಾಳು. ಉಡುಗೊರೆಗೆ ಮರುಉಡುಗೊರೆಯ ಕಟ್ಟುಪಾಡಿದೆಯೆಂದು ಫ್ರಾನ್ಸಿನ ಮಾರ್ಸೆಲ್ ಮೋಸ್ 1925ರಲ್ಲಿ ಪ್ರಬಂಧ ಬರೆದ. ನಮ್ಮ ಅಜ್ಜಿಯರಿಗೆ ಅದು ಹೊಸ ಸುದ್ದಿಯೇನಲ್ಲ.

ಭಾರತದಲ್ಲಿ ಅಂಚೆ ಕಾರ್ಡು 1879ರಲ್ಲೂ ಅಂಚೆ ಕಚೇರಿಯ ಮನಿಯಾರ್ಡರು 1880ರಲ್ಲೂ ಬಂದವು. ಮೈಸೂರು ಸಂಸ್ಥಾನದ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಂದಿಗೆ ವಿಲೀನವಾಯಿತು. ದೂರದ ಊರಲ್ಲಿ ನೌಕರಿಯಲ್ಲಿದ್ದ ನೆಂಟರ ಮುಯ್ಯಿಗೆ ಇದರಿಂದ ದಾರಿಯಾಯಿತು. ಫಾರಮಿನ ತುದಿಯ ಚೀಟಿಯಲ್ಲಿ ನಾಲ್ಕು ಸಾಲಿನ ಆಶೀರ್ವಾದ. ಹಣ ಪಡೆದವರ ರುಜುವೋ ಹೆಬ್ಬೆಟ್ಟೋ ಬಿದ್ದ ರಸೀದಿ ಕಳಿಸಿದವರಿಗೆ ವಾಪಸಾಗುತ್ತಿತ್ತು. ‘ತೀರ್ಥರೂಪ ಸಮಾನರಾದ’ ಎಂದು ಶುರುವಾಗುವ ಕಾಗದದಲ್ಲಿ ಬೆಳ್ಳಿ ಕಡಗ ತಲುಪಿತೆಂಬ ಮಾತು ಮಳೆ, ಬೆಳೆಯ ಸಮಾಚಾರದ ನಡುವೆ ಒಂದು ಸಾಲಾದರೆ ಹೆಚ್ಚು.

ಇದೇ ಜಿಲ್ಲೆಯ ಗುಬ್ಬಿಯಲ್ಲಿ 1830ರ ದಶಕದ ಕೊನೆಗೆ ವೆಸ್ಲಿಯನ್ ಮಿಷನ್ ನೆಲೆಯೂರಿತು. ಕನ್ನಡ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಮಗುವಿನ ದೀಕ್ಷಾಸ್ನಾನದಂದು ಹೆತ್ತವರು ಸ್ತೋತ್ರ ಕಾಣಿಕೆ ಅರ್ಪಿಸುವುದುಂಟು. ಅಲ್ಲಿ ಮೊದಲ ವಂದನೆ ಸಲ್ಲುವುದು ದೇವರಿಗೆ. ಉಡುಗೊರೆ ಕೊಟ್ಟ ಒಬ್ಬೊಬ್ಬರಿಗೂ ಕಾರ್ಡು ಬರೆಯುವ ಇಂಗ್ಲಿಷರ ಶಿಷ್ಟಾಚಾರ ಹಳ್ಳಿಗಳಲ್ಲಿ ಬೇರೂರಲಿಲ್ಲ.

ಈಗ ಆಮಂತ್ರಣದಲ್ಲೇ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸುವವರಿದ್ದಾರೆ. ಬಂದವರು ಲಕೋಟೆ ತರುವುದನ್ನು ಅದೊಂದೇ ಸಾಲು ತಡೆಯುವುದಿಲ್ಲ. ವಾಟ್ಸಾಪ್‌ನ ಕೈಮುಗಿದ ಚಿತ್ರ ಉಪಚಾರದ ಮಾತಿನ ಜಾಗ ತುಂಬಿದೆ, ಫೋನಿಗೆ ಬಂದ ಹಣವೂ ಮುಯ್ಯಿಯ ಲೆಕ್ಕಕ್ಕೇ ಸೇರುತ್ತದೆ. ಯಾವ ಊರಿನೊಡನೆ ನೆಂಟಸ್ತನವಿತ್ತು, ಯಾವ ಕಾಲಕ್ಕೆ ಎಷ್ಟು ಕೊಡುವುದು ಮರ್ಯಾದೆಯಾಗಿತ್ತು ಎಂಬುದಕ್ಕೆ ಮುಯ್ಯಿ ಪುಸ್ತಕಕ್ಕಿಂತ ಒಳ್ಳೆಯ ಆಕರ ಹಳ್ಳಿಮನೆಗಳಲ್ಲಿ ಸಿಗುವುದು ಕಷ್ಟ. ಅಟ್ಟ ಗುಡಿಸುವಾಗ ಅವನ್ನು ರದ್ದಿಗೆ ಹಾಕಬೇಡಿ.